ಹೊಳಪು ಬಿಸಿಲಿಗೆ, ನುಣುಪು ನೀರಿಗೆ

ಚಳಿಗಾಲವನ್ನು ದಡದಲ್ಲಿ ಕಳೆದ ಹಾಯಿದೋಣಿಗಳು ಇಂಗ್ಲೆಂಡಿನ ಕರಾವಳಿಯಲ್ಲಿ ವಸಂತ ಬಂದೊಡನೆ ಮತ್ತೆ ನೀರಿಗಿಳಿಯುತ್ತವೆ. ಅದಕ್ಕೂ ಮುನ್ನ ಅವನ್ನು ತೊಳೆದು, ಉಜ್ಜಿ, ಮೇಣ ಹಚ್ಚಿ, ಮುಖ ಕಾಣುವಷ್ಟು ಹೊಳೆಯಿಸುವವರಿದ್ದಾರೆ. ಮೇಣದ ಮೇಲೆ ನೀರು ಜಾರುತ್ತದೆ, ಹಾಗಾಗಿ ದೋಣಿ ಬೇಗ ಓಡುತ್ತದೆ ಎಂಬ ನಂಬಿಕೆ ಈ ಶ್ರಮದ ಹಿಂದಿದೆ. ಮೇಣದ ಮೇಲೆ ನೀರಹನಿ ಉರುಳುವುದನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಹನಿ ಉರುಳುವುದು ನೀರು, ಗಾಳಿ, ಮೇಣ ಮೂರೂ ಸಂಧಿಸುವ ಅಂಚಿನಿಂದಾಗಿ. ಪೂರ್ತಿ ಮುಳುಗಿದ ತಳದಲ್ಲಿ ಅಂಥ ಅಂಚೇ ಇಲ್ಲ. ಅಲ್ಲಿ ತಳಕ್ಕೆ ತಾಗಿದ ನೀರು ದೋಣಿಗೇ ಅಂಟಿಕೊಂಡು ಅದರ ಜೊತೆಗೇ ಸಾಗುತ್ತದೆ. ಮೇಲ್ಮೈ ಮೇಣದ್ದಾದರೂ ಅಷ್ಟೇ, ಬರೀ ಬಣ್ಣದ್ದಾದರೂ ಅಷ್ಟೇ.

ಇದಕ್ಕೆ ಹಳೆಯ, ಗಟ್ಟಿಯಾದ ಪುರಾವೆಯಿದೆ. 1870ರ ದಶಕದ ಆರಂಭದಲ್ಲಿ ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ ಇಂಗ್ಲೆಂಡಿನ ಟಾರ್ಕಿ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ತೆಳುವಾದ ಹಲಗೆಗಳನ್ನು ಅದರಲ್ಲಿ ಎಳೆಸಿ, ಎಳೆಯಲು ಬೇಕಾದ ಬಲವನ್ನು ಅಳೆದರು. ಕೆಲವಕ್ಕೆ ವಾರ್ನಿಶ್ ಬಳಿದಿತ್ತು, ಕೆಲವಕ್ಕೆ ಪ್ಯಾರಾಫಿನ್ ಮೇಣ. ಇನ್ನು ಕೆಲವಕ್ಕೆ ಹತ್ತಿಬಟ್ಟೆ ಹೊದಿಸಿತ್ತು, ಮರಳು ಅಂಟಿಸಿತ್ತು. ವಾರ್ನಿಶಿಗೂ ಮೇಣಕ್ಕೂ ನಡುವೆ ಕಂಡ ವ್ಯತ್ಯಾಸ ತೀರ ಅಲ್ಪ. ಬಟ್ಟೆ ಹೊದಿಸಿದ 50 ಅಡಿಯ ಹಲಗೆಗಾದರೋ ವಾರ್ನಿಶಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಬಲ ಬೇಕಾಯಿತು. ನೀರಿಗೆ ಮುಖ್ಯವಾದದ್ದು ಮೇಲ್ಮೈಯ ಉಬ್ಬುತಗ್ಗು. ಅದು ಯಾವ ವಸ್ತುವಿನದು, ಎಷ್ಟು ಹೊಳೆಯುತ್ತದೆ ಎಂಬುದಲ್ಲ.

ಎಷ್ಟು ನುಣುಪಿದ್ದರೆ ಸಾಕು? ಚಲಿಸುವ ದೋಣಿಯ ಮೈಗೆ ಹತ್ತಿಕೊಂಡು ನೀರಿನ ಒಂದು ಶಾಂತ ಪದರವಿರುತ್ತದೆ. ಗಂಟೆಗೆ 9 ಕಿಲೋಮೀಟರ್ ವೇಗದ ಸಣ್ಣ ದೋಣಿಗೆ ಅದರ ದಪ್ಪ ಸುಮಾರು 0.05 ಮಿಲಿಮೀಟರ್, ಅಂದರೆ ತಲೆಗೂದಲಿಗಿಂತ ತೆಳು. ಉಬ್ಬುಗಳು ಈ ಪದರದೊಳಗೇ ಮುಚ್ಚಿಹೋದರೆ ಹೊರಗಿನ ಹರಿವಿಗೆ ಅವುಗಳ ಸುಳಿವೇ ಸಿಗದು. 400 ನಂಬರಿನ ಉಜ್ಜುಕಾಗದದ ಹರಳುಗಳು ಇದಕ್ಕಿಂತ ಸಣ್ಣವು. ಅದರಿಂದ ಉಜ್ಜಿದ ತಳ ಮಂಕಾಗಿ ಕಂಡರೂ ಈ ವೇಗಕ್ಕೆ ಸಾಕಷ್ಟು ನುಣುಪೇ. ಹಾಗಿದ್ದರೆ ಪಂದ್ಯಕ್ಕಿಳಿಯುವವರು ಇನ್ನೂ ಏಕೆ ಉಜ್ಜುತ್ತಾರೆ ಎಂದು ಕೇಳಬಹುದು. ವೇಗ ಹೆಚ್ಚಿದಂತೆ ಆ ಪದರ ತೆಳುವಾಗುತ್ತದೆ, ಇನ್ನೂ ನಯವಾದ ಕಾಗದ ಬೇಕಾಗುತ್ತದೆ. ಆಗಲೂ ಲಾಭ ಉಬ್ಬು ಕಡಿಮೆಯಾದದ್ದರಿಂದಲೇ. 1987ರ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯ ಗೆದ್ದ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್’ ದೋಣಿಯ ತಳಕ್ಕಂತೂ ಸೂಕ್ಷ್ಮ ಗೀರುಗಳ ಸಾಲಿದ್ದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಹರಿವಿನ ದಿಕ್ಕಿಗೆ ಕೊರೆದ ಅಂಥ ಗೀರುಗಳು ನುಣುಪಾದ ಮೈಗಿಂತಲೂ ಘರ್ಷಣೆಯನ್ನು ತಗ್ಗಿಸಬಲ್ಲವು. ಹಾಯಿದೋಣಿ ಪಂದ್ಯಗಳ ನಿಯಮಾವಳಿ ಇಂದು ಅಂಥ ಮೇಲ್ಮೈಯನ್ನೇ ನಿಷೇಧಿಸಿದೆ.

ಹಾಗೆಂದು ಪಾಲಿಶ್ ವ್ಯರ್ಥವಲ್ಲ. ಅದರ ಜಾಗ ಬೇರೆ. ಫೈಬರ್ ದೋಣಿಯ ಹೊರಪದರವಾದ ಜೆಲ್‌ಕೋಟ್ ಬಿಸಿಲಿನ ನೇರಳಾತೀತ ಕಿರಣಗಳಿಗೆ ಸಿಕ್ಕಿ ಸೀಮೆಸುಣ್ಣದಂತೆ ಪುಡಿಪುಡಿಯಾಗುತ್ತದೆ. ಬೆರಳಾಡಿಸಿದರೆ ಬಿಳಿ ಹುಡಿ ಹತ್ತುತ್ತದೆ. ನೀರಿನ ಗೆರೆಯಿಂದ ಮೇಲೆ ಆ ಹುಡಿಯನ್ನು ಉಜ್ಜಿ ತೆಗೆದು ಮೇಣ ಹಚ್ಚಿದರೆ ದೋಣಿಯ ಆಯುಸ್ಸು ಹೆಚ್ಚುತ್ತದೆ. ಗೆರೆಯ ಕೆಳಗೆ ಅದೇ ಮೇಣ ಕೇಡು ಮಾಡುತ್ತದೆ, ಏಕೆಂದರೆ ಅದರ ಮೇಲೆ ಪಾಚಿನಿರೋಧಕ ಬಣ್ಣ ಹಿಡಿಯುವುದಿಲ್ಲ. ತಿಂಗಳುಗಟ್ಟಲೆ ನೀರಿನಲ್ಲೇ ಇರುವ ದೋಣಿಗೆ ಆ ಬಣ್ಣವೇ ರಕ್ಷೆ. ಅದಿಲ್ಲದಿದ್ದರೆ ಮೊದಲು ಲೋಳೆ, ಆಮೇಲೆ ಪಾಚಿ, ಕೊನೆಗೆ ಕಡಲಜೀವಿಗಳಾದ ಬಾರ್ನಕಲ್‌ಗಳ ಸುಣ್ಣದ ಚಿಪ್ಪು ಬೆಳೆದು, ಉಜ್ಜಿ ಗಳಿಸಿದ ನುಣುಪೆಲ್ಲ ಹೂತುಹೋಗುತ್ತದೆ. ಮಳೆಗಾಲದಲ್ಲಿ ದಡ ಸೇರಿದ ಮೀನುಗಾರಿಕೆ ದೋಣಿಗಳ ತಳ ಕೆರೆದು ಬಣ್ಣ ಬಳಿಯುವ ಮಲ್ಪೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಿಲಿಕೋನ್ ಬಣ್ಣಗಳಿಗೆ ಜೀವಿಗಳು ಗಟ್ಟಿಯಾಗಿ ಅಂಟುವುದಿಲ್ಲವಲ್ಲ ಎಂಬ ಆಕ್ಷೇಪ ನಿಜ. ಆದರೆ ಸಡಿಲವಾಗಿ ಅಂಟಿದ್ದು ಕಳಚಲು ಹಡಗು ಓಡುತ್ತಿರಬೇಕು. ಹಾಯಿದೋಣಿ ಬಹುಕಾಲ ಲಂಗರಿನಲ್ಲೇ ನಿಂತಿರುತ್ತದೆ.

ಬಹುಪಾಲು ಪಾಚಿನಿರೋಧಕ ಬಣ್ಣಗಳ ಬಲ ತಾಮ್ರದಲ್ಲಿದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡು ಸವೆಯದಂತೆ 1824ರಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿ ಅದಕ್ಕೆ ಕಬ್ಬಿಣದ ತುಂಡುಗಳನ್ನು ಜೋಡಿಸಿದರು. ಸವೆತ ನಿಂತಿತು, ಜೊತೆಗೇ ತಳಕ್ಕೆ ಬಾರ್ನಕಲ್‌ಗಳು ಮುತ್ತಿದವು. ತಾಮ್ರ ಕಾಯುವುದು ಕರಗುವುದರಿಂದಲೇ ಎಂಬುದು ಹಾಗೆ ಬಯಲಾಯಿತು. ಕರಗುವ ತಾಮ್ರ ಬಾರ್ನಕಲ್‌ಗಷ್ಟೇ ಅಲ್ಲ, ಸುತ್ತಲಿನ ಜೀವಿಗಳಿಗೂ ವಿಷ. ಆದ್ದರಿಂದ ಹಳೆಯ ಬಣ್ಣವನ್ನು ಒಣಗಿಸಿ ಉಜ್ಜಿ ದೂಳೆಬ್ಬಿಸಬಾರದು. ಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಬೇಕು. ಕೆಳಗೆ ಟಾರ್ಪಾಲು ಹಾಸಿ, ಇಳಿದ ಕೆಸರನ್ನು ಚರಂಡಿಗೆ ಬಿಡದೆ ಅಪಾಯಕಾರಿ ಕಸವೆಂದೇ ಬೇರೆಯಾಗಿ ಒಪ್ಪಿಸಬೇಕು.