ಎರಡು ಗ್ರಾಮಿನ ಕುದುರೆ

ನಮ್ಮಲ್ಲಿ ಬ್ಯಾಂಜೋ ಎಂದರೆ ಕಣ್ಣ ಮುಂದೆ ಬರುವುದು ಟೈಪ್‌ರೈಟರಿನಂಥ ಗುಂಡಿಗಳಿರುವ, ಆರ್ಕೆಸ್ಟ್ರಾಗಳಲ್ಲಿ, ಗಣೇಶನ ಮೆರವಣಿಗೆಗಳಲ್ಲಿ ನುಡಿಯುವ ವಾದ್ಯ. ಅದರ ಇನ್ನೊಂದು ಹೆಸರು ಬುಲ್‌ಬುಲ್ ತರಂಗ್. ನಾನು ಹೇಳಹೊರಟಿರುವುದು ಅಮೆರಿಕದ ಬ್ಯಾಂಜೋ ಬಗ್ಗೆ. ತಮಟೆಗೆ ಉದ್ದನೆಯ ಕೊರಳು ಜೋಡಿಸಿ ಐದು ತಂತಿ ಬಿಗಿದರೆ ಹೇಗಿರುತ್ತದೋ ಹಾಗೆ ಅದು. ಪಶ್ಚಿಮ ಆಫ್ರಿಕಾದಿಂದ ಸೆರೆಹಿಡಿದು ತಂದ ಜನ, ಗುಲಾಮಗಿರಿಯ ನಡುವೆಯೂ ತಮ್ಮೂರ ವಾದ್ಯಗಳ ನೆನಪಿನಲ್ಲಿ ಸೋರೆಬುರುಡೆಗೆ ಚರ್ಮ ಹೊದಿಸಿ ಕಟ್ಟಿಕೊಂಡದ್ದು ಅದರ ಮೂಲ. 1945ರ ಕೊನೆಗೆ ಸಂಗೀತಗಾರ ಬಿಲ್ ಮನ್ರೋ ಅವರ ತಂಡ ಸೇರಿದ ಅರ್ಲ್ ಸ್ಕ್ರಗ್ಸ್, ಮೂರು ಬೆರಳುಗಳ ಮಿಂಚಿನ ನುಡಿಸಾಣಿಕೆಯಿಂದ ಅದನ್ನು ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತದ ಮುಂಚೂಣಿಗೆ ತಂದರು.

ಆ ವಾದ್ಯದಲ್ಲಿ ನನ್ನನ್ನು ಸೆಳೆದದ್ದು ಅದರ ಕುದುರೆ. ವೀಣೆ, ಪಿಟೀಲುಗಳಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ತುಂಡನ್ನು ಹಾಗೆನ್ನುತ್ತೇವಲ್ಲ, ಬ್ಯಾಂಜೋದಲ್ಲೂ ಅದೇ ಕೆಲಸ. ಮೇಪಲ್ ಮರದ ತೆಳು ಹಲಗೆ, ನೆತ್ತಿಯಲ್ಲಿ ಕರಿಮರದ ಪಟ್ಟಿ, ಕೆಳಗೆ ಮೂರು ಕಾಲು. ಎತ್ತರ ಸಾಮಾನ್ಯವಾಗಿ 16 ಮಿಲಿಮೀಟರ್, ತೂಕ ಎರಡು ಗ್ರಾಮಿನ ಆಸುಪಾಸು. ಅಂಟಿಲ್ಲ, ಮೊಳೆಯಿಲ್ಲ. ಐದು ತಂತಿಗಳ ಒಟ್ಟು ಸೆಳೆತ 20 ಕಿಲೋ ಮೀರುತ್ತದೆ. ಆ ತಂತಿಗಳು ಕೆಳಕ್ಕೆ ಅದುಮುವ ಬಲದಿಂದಷ್ಟೇ ಅದು ಚರ್ಮದ ಮೇಲೆ ನಿಂತಿರುತ್ತದೆ. ತಂತಿಯ ನಡುಕ ಚರ್ಮವನ್ನು ತಲುಪಲು ಇರುವ ದಾರಿಯೂ ಅದೊಂದೇ.

ಅಂಟಿಲ್ಲದ್ದು ಸರಿಯುತ್ತದೆ. ಅಮೆರಿಕದಿಂದ ಬಂದ ಗೆಳೆಯರೊಬ್ಬರು ನಮ್ಮ ಮನೆಯಲ್ಲಿ ತಮ್ಮ ಬ್ಯಾಂಜೋ ಪೆಟ್ಟಿಗೆ ತೆರೆದಾಗ ಕುದುರೆ ಕೊರಳಿನ ಕಡೆಗೆ ಅರ್ಧ ಬೆರಳು ಜರುಗಿತ್ತು. ಬಿಟ್ಟ ತಂತಿಗಳನ್ನು ಶ್ರುತಿ ಮಾಡಿದರೂ ಕೊರಳಿನ ಮೇಲಿನ ಮೆಟ್ಟಿಲುಗಳಲ್ಲಿ ಒತ್ತಿದ ಸ್ವರವೆಲ್ಲ ಏರಿ ಕಿವಿಗೆ ಒಗರು. ಅವರು ಗಾಬರಿಯಾಗಲಿಲ್ಲ. ಹನ್ನೆರಡನೆಯ ಮೆಟ್ಟಿಲ ಮೇಲೆ ತಂತಿಗೆ ಬೆರಳು ತಾಗಿಸಿ ಮೀಟಿದರು, ಗಂಟೆಯಂಥ ತಿಳಿನಾದ. ಅಲ್ಲೇ ಒತ್ತಿ ಮೀಟಿದರು. ಎರಡೂ ಒಂದೇ ಸ್ವರವಾಗಬೇಕು. ಒತ್ತಿದ್ದು ಏರಿದ್ದರೆ ಕುದುರೆ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ತಂತಿಗಳನ್ನು ಸ್ವಲ್ಪವೇ ಸಡಿಲಿಸಿ, ಎರಡು ಹೆಬ್ಬೆರಳಿನಿಂದ ಕೂದಲೆಳೆಯಷ್ಟು ತಳ್ಳಿ, ಮತ್ತೆ ಕೇಳಿ, ಮತ್ತೆ ತಳ್ಳಿ ಸರಿಮಾಡಿದರು. ಕೊನೆಗೆ ಕಾಲುಗಳ ಪಕ್ಕ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದರು. ಮಂದ್ರ ತಂತಿಯ ಬದಿಯನ್ನು ತುಸು ಹಿಂದಕ್ಕೆ ಬಿಟ್ಟದ್ದನ್ನೂ ಕಂಡೆ. ದಪ್ಪ ತಂತಿ ಒತ್ತಿದಾಗ ಹೆಚ್ಚು ಏರುತ್ತದೆ.

ಜಾಗ ಸರಿಯಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಪಾದಗಳಲ್ಲಿದೆ, ಕುಶಲಕರ್ಮಿಯ ಕೈ ಗೊತ್ತಾಗುವುದೂ ಅಲ್ಲೇ. ಹೊಸ ಕುದುರೆಯ ಮೂರು ಪಾದಗಳೂ ಚರ್ಮವನ್ನು ಪೂರ್ತಿ ಮುಟ್ಟಬೇಕು. ತಂತಿಯ ಭಾರಕ್ಕೆ ಚರ್ಮ ನಡುವೆ ಕುಗ್ಗುವುದರಿಂದ ಮಧ್ಯದ ಪಾದ ಕೆಲವೊಮ್ಮೆ ತೇಲುತ್ತದೆ. ತೆಳು ಕಾಗದ ಅದರಡಿ ಸಲೀಸಾಗಿ ನುಸುಳಿದರೆ ಅಲ್ಲಿ ಸಂದಿದೆ ಎಂದೇ ಅರ್ಥ, ನಾದ ಸೋರುತ್ತಿದೆ. ಆಗ ಬ್ಯಾಂಜೋದ ಮೇಲೇ ನುಣುಪಾದ ಉಜ್ಜುಕಾಗದ ಹಾಸಿ, ಕುದುರೆಯನ್ನು ನೆಟ್ಟಗೆ ಹಿಡಿದು ನಾಲ್ಕಾರು ಸಲ ಮೆಲ್ಲಗೆ ಎಳೆಯುತ್ತಾರೆ. ಅವಸರ ಮಾಡಿದರೆ ಎತ್ತರ ಹೋಗುತ್ತದೆ, ತಂತಿ ಮೆಟ್ಟಿಲಿಗೆ ತಗುಲಿ ಝರ್ ಎನ್ನುತ್ತದೆ.

ನೆತ್ತಿಯ ಕಚ್ಚುಗಳ ವಿಷಯದಲ್ಲಿ ಬ್ಯಾಂಜೋ ನಮ್ಮ ತಂಬೂರಿಗೆ ತದ್ವಿರುದ್ಧ. ತಂಬೂರಿಯ ಅಗಲ ಕುದುರೆಯ ಮೇಲೆ ತಂತಿ ಸವರಿಕೊಂಡು ಹೋಗಬೇಕು, ಜೀವಾಳದ ದಾರ ಅದಕ್ಕೆ ಝೇಂಕಾರ ಕೊಡಬೇಕು. ಇಲ್ಲಿ ತಂತಿ ಒಂದೇ ಅಂಚಿನಲ್ಲಿ ಖಚಿತವಾಗಿ ನಿಲ್ಲಬೇಕು. ಕಚ್ಚು ತಂತಿಯ ಅರ್ಧದಷ್ಟು ಆಳವಿದ್ದರೆ ಸಾಕು. ತಂತಿ ಪೂರ್ತಿ ಹೂತುಹೋದರೆ ದನಿ ಮಂಕಾಗುತ್ತದೆ.

ತೂಕದ ಮಾತು ಹೇಳದಿದ್ದರೆ ಲೇಖನ ಅಪೂರ್ಣ. ಹಗುರ ಕುದುರೆ ಚುರುಕಾಗಿ, ಜೋರಾಗಿ ನುಡಿದು ಬೇಗ ಅಡಗುತ್ತದೆ. ಭಾರದ್ದು ಮೃದುವಾಗಿ, ಹೆಚ್ಚು ಹೊತ್ತು ನಿಲ್ಲುತ್ತದೆ. ನಂಬಿಕೆ ಬಾರದವರು ಬಟ್ಟೆ ಒಣಹಾಕುವ ಕ್ಲಿಪ್ ಒಂದನ್ನು ಕುದುರೆಗೆ ಸಿಕ್ಕಿಸಿ ನೋಡಬಹುದು, ವಾದ್ಯ ಪಿಸುಗುಟ್ಟತೊಡಗುತ್ತದೆ. ಅರ್ಧ ಗ್ರಾಮಿನ ವ್ಯತ್ಯಾಸವನ್ನೂ ಪಳಗಿದ ಕಿವಿ ಗುರುತಿಸುವುದರಿಂದಲೇ ತಯಾರಕರು ಮರದ ಎಳೆಗಳನ್ನು ಎಣಿಸುವಷ್ಟು ಶ್ರದ್ಧೆಯಿಂದ ಹಲಗೆ ಆರಿಸುತ್ತಾರೆ. 2004ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಡೇವಿಡ್ ಪೊಲಿಟ್ಜರ್ ಕೂಡ ಬ್ಯಾಂಜೋ ನಾದದ ಬೆನ್ನುಹತ್ತಿ ಪ್ರಬಂಧಗಳನ್ನು ಬರೆದಿದ್ದಾರೆ. ಬಹುಪಾಲು ಹೊಸಬರು ಸದ್ದು ಹಿಡಿಸದಿದ್ದರೆ ವಾದ್ಯವನ್ನೇ ಬದಲಿಸಲು ಹೊರಡುತ್ತಾರೆ. ಅದಕ್ಕೆ ಮೊದಲು ಈ ತುಂಡನ್ನು ಬದಲಿಸಿ ನೋಡಿ ಎಂಬುದು ನನ್ನ ಕಳಕಳಿಯ ಮಾತು.

ಗೆಳೆಯರು ಹೊರಡುವ ಮುನ್ನ ಇನ್ನೊಂದು ತೋರಿಸಿದರು. ಶ್ರುತಿ ಏರಿಸುವಾಗಲೆಲ್ಲ ತಂತಿಗಳು ಕುದುರೆಯ ನೆತ್ತಿಯನ್ನು ಕೊರಳಿನ ಕಡೆಗೆ ಎಳೆಯುತ್ತವೆ. ಗಮನಿಸದಿದ್ದರೆ ಅದು ಬಾಗಿ ಒಂದು ದಿನ ಮಗುಚುತ್ತದೆ. ಅವರು ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕುದುರೆಯ ಹಿಂಬದಿಯ ಮುಖ ಚರ್ಮಕ್ಕೆ ನೆಟ್ಟಗಿದೆಯೇ ಎಂದು ಪಕ್ಕದಿಂದ ನೋಡಿದರು. ನೆತ್ತಿಯನ್ನು ಬೆರಳ ತುದಿಯಿಂದ ತುಸು ಹಿಂದಕ್ಕೆ ಒತ್ತಿ, ಪೆಟ್ಟಿಗೆ ಮುಚ್ಚಿದರು.