ಟಾಕ್ಸೊಪ್ಲಾಸ್ಮಾ: ಬೆಕ್ಕಿಗಿಂತ ಮಾಂಸ, ನೀರಿನ ಮೇಲೆ ಕಣ್ಣಿರಲಿ

ಬಸುರಿ ಇರುವ ಮನೆಯಲ್ಲಿ ಬೆಕ್ಕಿದ್ದರೆ ಮೊದಲು ಅದನ್ನು ಹೊರಗೆ ಬಿಟ್ಟುಬನ್ನಿ ಎನ್ನುವವರುಂಟು. ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಏಕಕೋಶ ಪರಾವಲಂಬಿಯ ಭಯ ಅದು. ಈ ಜೀವಿಯ ಮೊಟ್ಟೆಯಂಥ ರೂಪವಾದ ಊಸಿಸ್ಟ್‌ಗಳು ಹುಟ್ಟುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಲ್ಲಿ ಮಾತ್ರ, ನಿಜ. ಆದರೆ ಸಾಮಾನ್ಯವಾಗಿ ಬೆಕ್ಕು ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರವಷ್ಟೇ ಅವುಗಳನ್ನು ಮಲದಲ್ಲಿ ಹೊರಹಾಕುತ್ತದೆ. ಅವು ಸೋಂಕು ತರುವಷ್ಟು ಬಲಿಯಲು ಮತ್ತೆ 1ರಿಂದ 5 ದಿನ ಬೇಕು. ಮನೆಯ ಬೇರೊಬ್ಬರು ಬೆಕ್ಕಿನ ಮಲವನ್ನು ದಿನವೂ ತೆಗೆದರೆ ಸಾಕು, ಬೆಕ್ಕನ್ನು ಓಡಿಸಬೇಕಿಲ್ಲ.

ಯುರೋಪಿನ ಆರು ಕೇಂದ್ರಗಳಲ್ಲಿ ಗರ್ಭಿಣಿಯರ ಮೇಲೆ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೇ 30ರಿಂದ 63ರಷ್ಟು ಸೋಂಕಿಗೆ ಕಾರಣ ಅರೆಬೆಂದ ಮಾಂಸ. ಮಣ್ಣಿನ ಪಾಲು ಶೇ 6ರಿಂದ 17. ಬೆಕ್ಕಿನ ಒಡನಾಟ ಅಪಾಯದ ಪಟ್ಟಿಗೆ ಸೇರಲೇ ಇಲ್ಲ. ನಮ್ಮ ಕಡೆ ನೀರನ್ನೂ ಮರೆಯುವಂತಿಲ್ಲ. 2004ರಲ್ಲಿ ಪಕ್ಕದ ಕೊಯಮತ್ತೂರಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಈ ಸೋಂಕು ತಗುಲಿದಾಗ ಸಂಶಯ ಹೋದದ್ದು ನಗರದ ಕುಡಿಯುವ ನೀರಿನ ಮೇಲೆ. ಊಸಿಸ್ಟ್‌ಗಳು ಕ್ಲೋರಿನ್‌ಗೆ ಜಗ್ಗುವುದಿಲ್ಲ, ಕುದಿಸಿದರೆ ಸಾಯುತ್ತವೆ.

ಇನ್ನು ರಕ್ತಪರೀಕ್ಷೆಯ ಮಾತು. ಈ ಪರಾವಲಂಬಿಯ ವಿರುದ್ಧದ ಪ್ರತಿಕಾಯವಾದ ಐಜಿಜಿ ಪಾಸಿಟಿವ್ ಎಂಬ ವರದಿ ಕಂಡು ಕಂಗಾಲಾಗುವ ಗರ್ಭಿಣಿಯರಿದ್ದಾರೆ. ಐಜಿಜಿ ಮಾತ್ರ ಇದ್ದರೆ ಅದು ಬಹುಮಟ್ಟಿಗೆ ಹಳೆಯ ಸೋಂಕಿನ ಗುರುತು. ಆರೋಗ್ಯವಂತ ತಾಯಿಯ ಮಗುವಿಗೆ ಅದೇ ರಕ್ಷಣೆ. ಅಪಾಯವಿರುವುದು ಬಸುರಿನಲ್ಲೇ ಮೊದಲ ಸಲ ಸೋಂಕಾದವರಿಗೆ. ಮೊದಲ ತಿಂಗಳುಗಳಲ್ಲಿ ಅದು ಮಗುವಿಗೆ ದಾಟುವುದು ಕಡಿಮೆ, ದಾಟಿದರೆ ಮೆದುಳು, ಕಣ್ಣುಗಳಿಗೆ ಪೆಟ್ಟು ದೊಡ್ಡದು. ಕೊನೆಯ ತಿಂಗಳುಗಳಲ್ಲಿ ಇದು ತಿರುವುಮುರುವು. ಹೊಸ ಸೋಂಕಿನಲ್ಲಿ ಮೊದಲು ಕಾಣುವ ಪ್ರತಿಕಾಯ ಐಜಿಎಂ ಕೂಡ ತಿಂಗಳುಗಟ್ಟಲೆ ಉಳಿಯಬಲ್ಲದು; ಅದೊಂದನ್ನೇ ನೋಡಿ ಗರ್ಭದ ಬಗ್ಗೆ ತೀರ್ಮಾನಿಸಬಾರದು, ಸೋಂಕು ಹಳೆಯದೋ ಹೊಸದೋ ಎಂದು ತಿಳಿಯಲು ನೆರವಾಗುವ ಅವಿಡಿಟಿ ಪರೀಕ್ಷೆಯನ್ನೂ ಮಾಡಿಸಬೇಕು.

ಎಚ್‌ಐವಿ ಇರುವವರಿಗೆ ಅದೇ ಐಜಿಜಿ ಎಚ್ಚರಿಕೆಯ ಗಂಟೆ. ಸೋಂಕು ಎಂದೋ ಆಗಿದ್ದರೂ ಪರಾವಲಂಬಿ ಮೆದುಳು, ಸ್ನಾಯುಗಳಲ್ಲಿ ಕೋಶ ಕಟ್ಟಿಕೊಂಡು ಜೀವನಪೂರ್ತಿ ಉಳಿಯುತ್ತದೆ. ರೋಗನಿರೋಧಕ ಕೋಶಗಳಾದ ಸಿಡಿ4 ಎಣಿಕೆ 100ಕ್ಕಿಂತ ಕೆಳಗಿಳಿದರೆ ಎಚ್ಚೆತ್ತು ಮೆದುಳಿನ ಉರಿಯೂತ ತರಬಹುದು. ತಲೆನೋವು, ಜ್ವರ, ಮಂಕು, ಫಿಟ್ಸ್, ಒಂದು ಬದಿಯ ಕೈಕಾಲು ಬಲಗುಂದುವುದು ಅದರ ಲಕ್ಷಣಗಳು. ಬೇಗ ಗುರುತಿಸಿದರೆ ಚಿಕಿತ್ಸೆ ಇದೆ.

ಮಾಂಸವನ್ನು ಒಳಗಿನವರೆಗೂ ಬೇಯಿಸಿ, ಹಸಿ ಸೊಪ್ಪು ತರಕಾರಿ ಚೆನ್ನಾಗಿ ತೊಳೆಯಿರಿ, ಕೈತೋಟದ ಮಣ್ಣು ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ. ಎಚ್‌ಐವಿ ಇರುವವರು ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸದಿರಲಿ. ಸಿಡಿ4 ಕಡಿಮೆಯಿದ್ದಾಗ ವೈದ್ಯರು ಕೊಡುವ ಕೋಟ್ರೈಮೊಕ್ಸಜೋಲ್ ಈ ಕಾಯಿಲೆಯನ್ನೂ ತಡೆಯುತ್ತದೆ, ಅದನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.