ಕೊಳ್ಳುವವರ ಕಣ್ಣಿಗೆ ತೆರೆದಿಟ್ಟ ಮನೆ

ಇರುವ ಮನೆಯನ್ನು ಮಾರಲು ನಿರ್ಧರಿಸಿದ ಕುಟುಂಬ ಸಾಮಾನ್ಯವಾಗಿ ಮೊದಲು ಕರೆಯುವುದು ಪೇಂಟರನ್ನು. ಗೋಡೆಗೆ ಹೊಸ ಬಣ್ಣ ಬಂತು, ಸೋಫಾದ ಕವರು ಬದಲಾಯಿತು, ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗಳು ಖಾಲಿಯಾದವು ಎಂದರೆ ಇನ್ನು ಯಾರು ಬೇಕಾದರೂ ಬಂದು ನೋಡಬಹುದು ಎಂಬ ನೆಮ್ಮದಿ. ಈ ಕೆಲಸಗಳಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಕ್ರಮದಲ್ಲಿ. ಮನೆ ನೋಡಲು ಬರುವವರು ಕಣ್ಣು ತಣಿಸಿಕೊಳ್ಳಲು ಬರುವುದಿಲ್ಲ, ತಮ್ಮೊಳಗಿನ ಅನುಮಾನಗಳನ್ನು ಒಂದೊಂದಾಗಿ ಪರೀಕ್ಷಿಸಲು ಬರುತ್ತಾರೆ. ಆ ಅನುಮಾನಗಳಿಗೆ ಉತ್ತರ ಸಿದ್ಧವಾಗಿರುವ ಮನೆಯೇ ತೋರಿಸಲು ಸಿದ್ಧವಾದ ಮನೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂದಕ್ಕೆ ಮೀಸಲಿಟ್ಟ ಹಣ ಮತ್ತು ಶ್ರಮದ ದೊಡ್ಡ ಪಾಲು ಸೋರುವ ಪೈಪಿಗೂ ಬಾಕಿ ಉಳಿದ ದಾಖಲೆಗೂ ಹೋಗಬೇಕು.

ಕೊಳ್ಳುವವರ ಜಾಗದಲ್ಲಿ ನಿಂತು ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ 80 ಲಕ್ಷದ ಒಂದು ಹಳೆಯ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. 45 ಲಕ್ಷಕ್ಕಿಂತ ಹೆಚ್ಚಿನ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಮತ್ತು ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಎಲ್ಲ ಸೇರಿ ಆರು ಲಕ್ಷ ರೂಪಾಯಿ ದಾಟುತ್ತದೆ. ಇದರ ಮೇಲೆ ಬ್ಯಾಂಕಿನ ಸಾಲ, ಏಜೆಂಟರ ಕಮಿಷನ್, ಸಾಮಾನು ಸಾಗಿಸುವ ಖರ್ಚು. ಇಷ್ಟೆಲ್ಲ ಕೊಟ್ಟು ಒಳಗೆ ಕಾಲಿಟ್ಟವರ ಕೈಯಲ್ಲಿ ಬಾತ್‌ರೂಮ್ ಒಡೆದು ಕಟ್ಟಿಸುವಷ್ಟು ಹಣ ಉಳಿದಿರುವುದು ಅಪರೂಪ. ಹಾಗಾಗಿಯೇ ಅವರು ನಲ್ಲಿ ತಿರುಗಿಸಿ ನೋಡುತ್ತಾರೆ, ಸಿಂಕಿನ ಕೆಳಗಿನ ಬಾಗಿಲು ತೆರೆಯುತ್ತಾರೆ, ಮನೆಯ ಹಿರಿಯರನ್ನು ಜೊತೆಗೆ ಕರೆತರುತ್ತಾರೆ. ‘ಯಾಕೆ ಮಾರ್ತಾ ಇದೀರಿ?’ ಎಂಬುದು ಬಹುತೇಕ ಮೊದಲ ಪ್ರಶ್ನೆ. ‘ಮನೆ ನಿಮಗೆ ಆಗಿಬಂದಿದೆಯಾ?’ ಎಂಬುದು ಹಿರಿಯರ ಪ್ರಶ್ನೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರದ ಅನೇಕ ಬಡಾವಣೆಗಳು ಟ್ಯಾಂಕರಿಗೆ ಕಾದು ಕೂತ ಮೇಲೆ ನೀರಿನ ಪ್ರಶ್ನೆ ಇನ್ನಷ್ಟು ಗಟ್ಟಿಯಾಗಿದೆ: ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಸಂಪು ಎಷ್ಟು ದೊಡ್ಡದು, ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಖರ್ಚು. ಇವುಗಳಲ್ಲಿ ಯಾವುದಕ್ಕೂ ಗೋಡೆಯ ಬಣ್ಣ ಉತ್ತರ ಕೊಡುವುದಿಲ್ಲ.

ಉತ್ತರ ಸಿಗದಿದ್ದಾಗ ಕೊಳ್ಳುವವರು ಸುಮ್ಮನಿರುವುದಿಲ್ಲ, ಬೆಲೆ ಇಳಿಸುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧವೊಂದು ಇದನ್ನು ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆಯಿಂದ ವಿವರಿಸಿತು. ವಸ್ತುವಿನ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಿದ್ದಾಗ ಕೊಳ್ಳುವವನು ಎಲ್ಲವನ್ನೂ ಅನುಮಾನದ ಬೆಲೆಗೆ ಕೇಳುತ್ತಾನೆ, ಒಳ್ಳೆಯ ಕಾರು ಇಟ್ಟುಕೊಂಡವನಿಗೂ ಅದರ ಯೋಗ್ಯ ಬೆಲೆ ದಕ್ಕುವುದಿಲ್ಲ. ಈ ಚಿಂತನೆಗಾಗಿ ಅಕರ್ಲಾಫ್ ಅವರಿಗೆ 2001ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಮನೆಯ ವಿಷಯದಲ್ಲಿ ಇದರ ತಾತ್ಪರ್ಯ ಸರಳ. ಗೋಡೆಯ ಹಿಂದೆ ಏನಿದೆಯೋ ಎಂಬ ಭಯದ ಬೆಲೆಯನ್ನು ಕಟ್ಟಿಕೊಡುವವರು ಮಾರುವವರೇ, ಆ ಗೋಡೆಯ ಹಿಂದೆ ಏನೂ ಇಲ್ಲದಿದ್ದರೂ ಕೂಡ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅಮೆರಿಕದಲ್ಲಿ ಮಾರುವ ಮನೆಯನ್ನು ಸಿಂಗರಿಸುವುದೇ ಒಂದು ವೃತ್ತಿಯಾಗಿ ದಶಕಗಳಾದವು. ಬಾಡಿಗೆ ಪೀಠೋಪಕರಣ ತಂದಿಟ್ಟು, ಮನೆಯವರ ಫೋಟೋಗಳನ್ನೆಲ್ಲ ತೆಗೆಸಿ, ಗೋಡೆಗೆ ತಿಳಿ ಬಣ್ಣ ಹೊಡೆಸುತ್ತಾರೆ. ಉಪಯೋಗವಿಲ್ಲದೆ ಅಷ್ಟು ಜನ ಅದಕ್ಕೆ ಹಣ ಕೊಡುತ್ತಾರೆಯೇ? ಉಪಯೋಗ ಇದೆ, ಆದರೆ ನಾವು ಅಂದುಕೊಂಡಷ್ಟಿಲ್ಲ. ಲೇನ್, ಸೈಲರ್ ಮತ್ತು ಸೈಲರ್ ಎಂಬ ಮೂವರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದೇ ಮನೆಯನ್ನು ಬೇರೆ ಬೇರೆ ಗೋಡೆಬಣ್ಣ, ಬೇರೆ ಬೇರೆ ಪೀಠೋಪಕರಣಗಳೊಂದಿಗೆ ಕಂಪ್ಯೂಟರಿನಲ್ಲಿ ತೋರಿಸಿದರು. ಕೆಟ್ಟ ಬಣ್ಣ, ಕೆಟ್ಟ ಸಾಮಾನು ಕಂಡವರ ಮನಸ್ಸಿನಲ್ಲಿ ಮನೆಯ ಬಗೆಗಿನ ಅಭಿಪ್ರಾಯ ಕುಗ್ಗಿತು. ಆದರೆ ಅವರು ಆ ಮನೆಗೆ ಕಟ್ಟಿದ ಬೆಲೆ ಕುಗ್ಗಲಿಲ್ಲ. ಅಂದರೆ ಅಂದವಾದ ಮನೆ ಹೆಚ್ಚು ಜನರನ್ನು ಎರಡನೇ ಸಲ ಕರೆತರಬಹುದು, ಅದು ಸಣ್ಣ ಲಾಭವೇನಲ್ಲ. ಬೆಲೆಯ ಮಾತು ಬಂದಾಗ ಮಾತ್ರ ಜನ ಸೋಫಾವನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಇನ್ನು ಮನೆಯವರ ಗುರುತೆಲ್ಲ ಅಳಿಸಬೇಕೆಂಬ ಅಲ್ಲಿನ ನಿಯಮ ನಮ್ಮಲ್ಲಿ ಅಷ್ಟು ಸಲ್ಲದು. ದೀಪ ಉರಿಯುವ ದೇವರಮನೆ, ಮಕ್ಕಳ ಶಾಲೆಯ ಬಹುಮಾನಗಳು ಇಲ್ಲಿ ಯಾರನ್ನೂ ದೂರ ತಳ್ಳುವುದಿಲ್ಲ. ಈ ಗೋಡೆಗಳ ನಡುವೆ ಒಂದು ಕುಟುಂಬ ನೆಮ್ಮದಿಯಾಗಿ ಬಾಳಿದೆ ಎಂಬುದು ಕೊಳ್ಳುವವರ ಮನೆಯ ಹಿರಿಯರಿಗೆ ಬೇಕಾದ ಸಾಕ್ಷಿಯೇ ಹೌದು.

ತೇವದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಮಾರುವವರು ಮರೆಮಾಚಲು ಅತಿ ಹೆಚ್ಚು ಪ್ರಯತ್ನಿಸುವುದೂ, ಅತಿ ಬೇಗ ಸಿಕ್ಕಿಬೀಳುವುದೂ ಇಲ್ಲೇ. ಬಾತ್‌ರೂಮಿನ ಆಚೆಗಿನ ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆಯೆದ್ದಿದೆ, ಬಿಳಿ ಉಪ್ಪು ಕಾಣಿಸಿಕೊಂಡಿದೆ ಎಂದರೆ ಒಳಗೆ ನೀರು ಜಿನುಗುತ್ತಿದೆ. ಮೇಲಿನ ಮಹಡಿಯವರ ಬಾತ್‌ರೂಮಿನಿಂದಲೋ, ಟೈಲ್ಸ್‌ಗಳ ನಡುವಿನ ಗ್ರೌಟ್ ಸವೆದೋ, ತಾರಸಿಯ ಬಿರುಕಿನಿಂದಲೋ ಅದು ಬರುತ್ತಿರಬಹುದು. ಮೂಲ ಹುಡುಕದೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ತೇವ ಹೊರಗೆ ಬರಲು ದಾರಿಯಿಲ್ಲದೆ ಹೊಸ ಬಣ್ಣವನ್ನೇ ಎಬ್ಬಿಸುತ್ತದೆ. ಕೆಲವೊಮ್ಮೆ ಮಾತುಕತೆ ಮುಗಿಯುವುದರೊಳಗೇ ಕಲೆ ಮರಳಿ ಬರುತ್ತದೆ. ಅದಕ್ಕಿಂತ ಮುಖ್ಯವಾದ ಮಾತು: ಇಡೀ ಮನೆ ಹಳೆಯ ಬಣ್ಣದಲ್ಲಿದ್ದು ಒಂದೇ ಒಂದು ಗೋಡೆ ಹೊಸದಾಗಿ ಮಿನುಗುತ್ತಿದ್ದರೆ ಅನುಭವಸ್ಥರು ಕೈಯಿಡುವುದು ಆ ಗೋಡೆಯ ಮೇಲೆಯೇ. ಸರಿಯಾದ ದಾರಿ ನಿಧಾನದ್ದು. ಮೊದಲು ಸೋರಿಕೆಯ ಮೂಲ ಪತ್ತೆ ಮಾಡಬೇಕು. ಅದು ಮೇಲಿನ ಮನೆಯದ್ದಾಗಿದ್ದರೆ ಸಂಘದ ಮೂಲಕ ಮಾತಾಡಿ ದುರಸ್ತಿ ಮಾಡಿಸಬೇಕು. ಗಿಲಾವು ಪೂರ್ತಿ ಒಣಗಲು ಬಿಡಬೇಕು. ಆಮೇಲೆ ಬಣ್ಣ. ಮಳೆಗಾಲದಲ್ಲಿ ಗೋಡೆ ಒಣಗಲು ಹೆಚ್ಚು ದಿನ ಬೇಕಾಗುವುದರಿಂದ, ದೀಪಾವಳಿಯ ಹೊತ್ತಿಗೆ ಮಾರಬೇಕೆಂದುಕೊಂಡವರು ಬೇಸಿಗೆಯಲ್ಲೇ ಈ ಕೆಲಸ ಹಿಡಿಯುವುದು ಮೇಲು. ದುರಸ್ತಿಯ ಬಿಲ್ಲು, ಕೆಲಸ ನಡೆಯುವಾಗ ತೆಗೆದ ಫೋಟೋಗಳು ಜೋಪಾನವಾಗಿರಲಿ. ‘ಇಲ್ಲಿ ಸೋರುತ್ತಿತ್ತು, ಹೀಗೆ ಸರಿ ಮಾಡಿಸಿದೆವು’ ಎಂದು ತಾವಾಗಿಯೇ ಹೇಳಿ ಬಿಲ್ಲು ತೋರಿಸಿದವರ ಉಳಿದ ಮಾತುಗಳಿಗೂ ತೂಕ ಬರುತ್ತದೆ.

‘ಕೊಳ್ಳುವವರು ನೋಡಿಕೊಳ್ಳಲಿ, ನಮ್ಮ ಮನೆಯ ಕೊರತೆಯನ್ನು ನಾವೇ ಯಾಕೆ ಹೇಳಬೇಕು?’ ಎನ್ನುವವರಿದ್ದಾರೆ. ಕಾನೂನು ಅವರ ಪರವಾಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವರ ಹೊಣೆಗಳನ್ನು ಪಟ್ಟಿ ಮಾಡುತ್ತದೆ. ಬೇರೆ ಕರಾರು ಇಲ್ಲದಿದ್ದರೆ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ತಿಳಿಸಲೇಬೇಕು. ಆ ದೋಷ ಕಟ್ಟಡದ್ದಾದರೂ ಸರಿ, ಹಕ್ಕುಪತ್ರದ್ದಾದರೂ ಸರಿ. ಕೇಳಿದಾಗ ಪತ್ರಗಳನ್ನು ಪರಿಶೀಲನೆಗೆ ಒಡ್ಡಬೇಕು, ಸಂಬಂಧಪಟ್ಟ ಪ್ರಶ್ನೆಗಳಿಗೆ ತಮಗೆ ತಿಳಿದಷ್ಟು ಉತ್ತರಿಸಬೇಕು. ಇಂಥ ದೋಷವನ್ನು ಬಚ್ಚಿಡುವುದನ್ನು ಅದೇ ಕಲಮು ವಂಚನೆ ಎಂದು ಕರೆಯುತ್ತದೆ. ಕಾನೂನನ್ನು ಬದಿಗಿಟ್ಟು ಬರೀ ಲಾಭನಷ್ಟದ ಲೆಕ್ಕ ಹಾಕಿದರೂ ಫಲ ಬೇರೆಯಾಗದು. ಮೊದಲ ದಿನವೇ ಹೇಳಿದ ದೋಷಕ್ಕೆ ಬೆಲೆಯಲ್ಲಿ ಒಂದಷ್ಟು ಕಡಿತವಾಗಬಹುದು. ಅಡ್ವಾನ್ಸ್ ಕೈಸೇರಿದ ಮೇಲೆ ಬಯಲಾದ ದೋಷಕ್ಕೆ ವ್ಯವಹಾರವೇ ಮುರಿಯುತ್ತದೆ, ಆ ಸುದ್ದಿ ಆ ಭಾಗದ ಏಜೆಂಟರೆಲ್ಲರ ಕಿವಿಗೂ ಬೀಳುತ್ತದೆ.

ಕಾಗದಪತ್ರಗಳಂತೂ ಮನೆಯ ಒಂದು ಕೋಣೆಯಿದ್ದಂತೆ, ಬಂದವರಿಗೆ ಅದನ್ನೂ ತೆರೆದು ತೋರಿಸಬೇಕು. ಕ್ರಯಪತ್ರ, ಅದಕ್ಕೂ ಹಿಂದಿನ ಮೂಲ ಪತ್ರಗಳು, ಋಣಭಾರ ಪ್ರಮಾಣಪತ್ರ, ತೆರಿಗೆ ರಸೀದಿಗಳು, ಮಂಜೂರಾದ ನಕ್ಷೆ, ಅಪಾರ್ಟ್‌ಮೆಂಟಾದರೆ ವಾಸಯೋಗ್ಯ ಪ್ರಮಾಣಪತ್ರ ಮತ್ತು ಸಂಘದಿಂದ ಬಾಕಿಯಿಲ್ಲ ಎಂಬ ಪತ್ರ. ಇ-ಖಾತಾ ಇಲ್ಲದೆ ನೋಂದಣಿಯಿಲ್ಲ ಎಂಬ ನಿಯಮ ರಾಜ್ಯದಲ್ಲಿ 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಮೇಲೆ, ಖಾತೆಯಲ್ಲಿ ಹೆಸರಿನ ಕಾಗುಣಿತವೋ ಅಳತೆಯೋ ತಪ್ಪಿದ್ದರೆ ಅದನ್ನು ತಿದ್ದಿಸದೆ ವ್ಯವಹಾರ ಮುಂದೆ ಹೋಗದು. ತಂದೆಯ ಹೆಸರಿನಲ್ಲೇ ಉಳಿದ ಖಾತೆ, ತಂಗಿಯ ಸಹಿ ಬೇಕಾದ ಪಿತ್ರಾರ್ಜಿತ ನಿವೇಶನ ಇವೆಲ್ಲ ಗಿರಾಕಿ ಬಂದ ಮೇಲೆ ಬಿಡಿಸಲು ಕೂರುವ ಗಂಟುಗಳಲ್ಲ. ಗೃಹಸಾಲ ತೀರಿಸಿದ್ದರೂ ಮೂಲ ಪತ್ರಗಳನ್ನು ಬ್ಯಾಂಕಿನಿಂದ ತಾರದವರು ಇಂದಿಗೂ ಇದ್ದಾರೆ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಮರಳಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ಅದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರಗಳ ಜೆರಾಕ್ಸ್ ಕೊಡುವುದು ಆಸಕ್ತಿ ಖಚಿತವಾದವರಿಗೆ ಮಾತ್ರ ಸಾಕು. ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಬಹುದು.

ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದದ್ದು. ಪತ್ರ ಒಮ್ಮೆ ಸರಿಮಾಡಿದರೆ ಆಯಿತು, ಸೋರಿಕೆಯೂ ಹಾಗೆಯೇ. ಆದರೆ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು, ಕೆಲಸಕ್ಕೆ ಓಡುವ ದಂಪತಿ ಇರುವ ಮನೆ ಪ್ರತಿದಿನ ಅಪರಿಚಿತರಿಗಾಗಿ ಅಣಿಯಾಗಿರಲು ಸಾಧ್ಯವೇ? ಸಾಧ್ಯವಿಲ್ಲ, ಹಾಗೆ ಪ್ರಯತ್ನಿಸಲೂ ಬಾರದು. ಏಜೆಂಟರು ಫೋನ್ ಮಾಡಿ ‘ಪಾರ್ಟಿ ಗೇಟಿನ ಹತ್ತಿರವೇ ಇದ್ದಾರೆ’ ಎಂದಾಗಲೆಲ್ಲ ಬಾಗಿಲು ತೆರೆಯುವ ಕುಟುಂಬ ಒಂದೆರಡು ತಿಂಗಳಲ್ಲಿ ಸೋತುಹೋಗುತ್ತದೆ, ಸೋತವರು ಬಂದ ಮೊದಲ ಬೆಲೆಗೆ ಒಪ್ಪುತ್ತಾರೆ. ಮನೆ ತೋರಿಸುವ ವೇಳೆಯನ್ನು ಮನೆಯವರೇ ಗೊತ್ತುಮಾಡಬೇಕು. ಶನಿವಾರ ಮಧ್ಯಾಹ್ನ, ಭಾನುವಾರ ಬೆಳಗ್ಗೆ ಎಂದು ಹೇಳಿಬಿಟ್ಟರೆ ನಿಜವಾದ ಆಸಕ್ತರು ಖಂಡಿತ ಬರುತ್ತಾರೆ. ಬೆಳಕು ಚೆನ್ನಾಗಿರುವ ಹೊತ್ತಾದರೆ ಇನ್ನೂ ಒಳ್ಳೆಯದು. ಉಳಿದ ದಿನಗಳಲ್ಲಿ ಕಾಪಾಡಬೇಕಾದದ್ದು ಮೂರೇ ಜಾಗ: ಬಾಗಿಲ ಬಳಿಯ ಚಪ್ಪಲಿಗಳ ಮೂಲೆ, ಅಡುಗೆಮನೆಯ ಕಟ್ಟೆ, ಬಾತ್‌ರೂಮು. ಮಲಗುವ ಕೋಣೆಯಲ್ಲಿ ಮಡಿಸದ ಬಟ್ಟೆ ಕಂಡು ಯಾರೂ ಖರೀದಿ ಕೈಬಿಡುವುದಿಲ್ಲ. ಬಾತ್‌ರೂಮಿನ ವಾಸನೆಗೆ ಬಿಟ್ಟಾರು. ಒಡವೆ, ಮೂಲ ಪತ್ರಗಳು ಬ್ಯಾಂಕ್ ಲಾಕರಿನಲ್ಲಿರಲಿ, ಹಿರಿಯರು ಮಲಗಿರುವ ಕೋಣೆಯಲ್ಲಿ ಫೋಟೋ, ವಿಡಿಯೋ ಬೇಡವೆಂದು ಮೊದಲೇ ಹೇಳಲು ಸಂಕೋಚ ಬೇಡ.

ವಾಸ್ತುವಿನ ಬಗ್ಗೆ ಒಂದೇ ಮಾತು ಸಾಕು. ಕೊಳ್ಳುವವರನ್ನು ಒಲಿಸಲೆಂದು ಬಾಗಿಲು, ಒಲೆ ಬದಲಿಸಲು ಗೋಡೆ ಒಡೆಯುವುದು ವ್ಯರ್ಥ, ಏಕೆಂದರೆ ಪ್ರತಿಯೊಬ್ಬರ ವಾಸ್ತು ಸಲಹೆಗಾರರೂ ಬೇರೆ. ದಿಕ್ಕು ಸರಿಯಾಗಿ ಗುರುತಿಸಿದ ಒಂದು ನಕ್ಷೆ ಕೊಟ್ಟರೆ ಒಪ್ಪುವವರು ಒಪ್ಪುತ್ತಾರೆ.

ಬಾಡಿಗೆದಾರರಿರುವ ಮನೆಯನ್ನು ಮಾರುವವರು ಒಂದನ್ನು ಮರೆಯುತ್ತಾರೆ: ತೋರಿಸಬೇಕಾಗಿರುವುದು ಇನ್ನೊಬ್ಬರ ಸಂಸಾರವನ್ನು. ಮಾರುವ ವಿಷಯ ಅವರಿಗೆ ಮೊದಲೇ ತಿಳಿಸಿ, ಅವರಿಗೆ ಒಪ್ಪಿಗೆಯಾದ ವೇಳೆ ಗೊತ್ತುಮಾಡಿ, ಠೇವಣಿ ಯಾರು ಯಾವಾಗ ಹಿಂದಿರುಗಿಸುತ್ತಾರೆ ಎಂದು ಬರೆದುಕೊಟ್ಟರೆ ಅವರೇ ಮನೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳುತ್ತಾರೆ. ಇಲ್ಲದಿದ್ದರೆ ಬಂದವರ ಮುಂದೆ ಮೊದಲು ಬರುವುದು ನೀರಿನ ದೂರು. ಖಾಲಿ ಮನೆಯ ಕಷ್ಟ ಬೇರೆ ಬಗೆಯದು. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಕ್ಕಳು ಮೈಸೂರಿನಲ್ಲಿ ಅಪ್ಪ ಅಮ್ಮ ಕಟ್ಟಿಸಿದ ಮನೆಗೆ ಬೀಗ ಹಾಕಿ, ಬೀಗದಕೈ ಪಕ್ಕದ ಮನೆಯವರಿಗೆ ಕೊಟ್ಟು ಹೋಗಿರುತ್ತಾರೆ. ನೆಲದ ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ನಿಂತ ನೀರೇ ಚರಂಡಿಯ ವಾಸನೆಯನ್ನು ತಡೆಯುವುದು. ಬಳಕೆಯಿಲ್ಲದೆ ಆ ನೀರು ಆರಿದರೆ ಇಡೀ ಮನೆ ನಾರುತ್ತದೆ. ಬಂದವರಿಗೆ ಕಾರಣ ತಿಳಿಯದು, ಪೈಪೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ವಾರಕ್ಕೊಮ್ಮೆ ಒಬ್ಬರು ಬಂದು ಪ್ರತಿ ಜಾಲರಿಗೂ ಕಮೋಡಿಗೂ ನೀರು ಬಿಟ್ಟು, ಕಿಟಕಿ ತೆರೆದಿಟ್ಟು, ದೀಪ ಹಾಕಿ ನೋಡಿ ಹೋಗುವ ಏರ್ಪಾಡು ಬೇಕು. ಹಣ ಉಳಿಸಲೆಂದು ವಿದ್ಯುತ್ ಸಂಪರ್ಕ ಕಡಿಸಿದರೆ ಮೋಟರ್ ಓಡದು. ನೀರಿಲ್ಲದ, ಬೆಳಕಿಲ್ಲದ ಮನೆಗೆ ಬೆಲೆ ಕಟ್ಟಿ ಎಂದು ಯಾರನ್ನು ಕೇಳುವುದು?

ಟೋಕನ್ ಅಡ್ವಾನ್ಸ್ ಬಂದ ದಿನ ಮನೆ ಕಾಯುವ ಕೆಲಸ ಮುಗಿಯುವುದಿಲ್ಲ. ಕರಾರಿನಿಂದ ನೋಂದಣಿಯವರೆಗೆ, ಸಾಲ ಮಂಜೂರಾಗುವ ತನಕ, ಎರಡು ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಈ ಅವಧಿಯಲ್ಲಿ ಬ್ಯಾಂಕಿನ ಮೌಲ್ಯಮಾಪಕರು ಬರುತ್ತಾರೆ, ಕೊಳ್ಳುವವರ ಬಂಧುಗಳು ಬರುತ್ತಾರೆ, ಇಂಟೀರಿಯರ್ ಮಾಡುವವರು ಟೇಪು ಹಿಡಿದು ಬರುತ್ತಾರೆ. ಸ್ವಾಧೀನ ಬಿಟ್ಟುಕೊಡುವ ತನಕ ಒಬ್ಬ ವಿವೇಕವುಳ್ಳ ಮಾಲೀಕ ನೋಡಿಕೊಳ್ಳುವಂತೆಯೇ ಆಸ್ತಿಯನ್ನೂ ಪತ್ರಗಳನ್ನೂ ನೋಡಿಕೊಳ್ಳಬೇಕೆಂದು ಅದೇ 55ನೇ ಕಲಮು ಹೇಳುತ್ತದೆ. ಮೊದಲ ದಿನ ತೋರಿಸಿದ್ದೇನು, ಕೊನೆಗೆ ಕೊಟ್ಟದ್ದೇನು ಎಂಬ ಜಗಳ ಬಹುತೇಕ ಸಣ್ಣ ವಸ್ತುಗಳ ಸುತ್ತ ಹುಟ್ಟುತ್ತದೆ: ಗೀಸರ್, ಫ್ಯಾನ್, ಅಡುಗೆಮನೆಯ ಚಿಮಣಿ, ಯುಪಿಎಸ್, ಬಾಲ್ಕನಿಯ ಬಟ್ಟೆ ಒಣಹಾಕುವ ಸರಳು. ಯಾವುದು ಮನೆಯೊಂದಿಗೆ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬ ಪಟ್ಟಿಯನ್ನು ಕರಾರಿಗೇ ಲಗತ್ತಿಸಿ ಇಬ್ಬರೂ ಸಹಿ ಹಾಕಬೇಕು. ಬೀಗದಕೈ ಒಪ್ಪಿಸುವ ದಿನ ಆ ಪಟ್ಟಿ ಹಿಡಿದು ಕೋಣೆಯಿಂದ ಕೋಣೆಗೆ ಜೊತೆಯಾಗಿ ನಡೆದು, ವಿದ್ಯುತ್ ಮತ್ತು ನೀರಿನ ಮೀಟರುಗಳ ಅಂಕಿ ಬರೆದುಕೊಳ್ಳಲು ಅರ್ಧ ಗಂಟೆ ಸಾಕು.